ದಿವ್ಯ ಹೆಣೆದ ದಿಂಬು

ಎಲ್ಲಕ್ಕೂ ಕಾರಣ ಚಿಕ್ಕಲಕ್ಷ್ಮಮ್ಮನ ಬಾಯಿ. ಮಗಳು ದಿವ್ಯಾಳನ್ನು ನೋಡಲು ಬರಲಿದ್ದ ಗಂಡಿನ ತಾಯಿ, ಕೋಡಿಹಳ್ಳಿಯ ಬೈರಮ್ಮ ಫೋನಿನಲ್ಲಿ, “ನಮ್ಮ ಲತಾಮಣಿ ಕ್ರೋಶಾ ಹಾಕ್ತಾಳೆ ಕಣವ್ವ. ಟೀವಿ ಮೇಲೆ, ಫ್ರಿಜ್ ಮೇಲೆ, ಮಿಕ್ಸಿ ಮೇಲೆ, ಎಲ್ಲಾ ನನ್ನ ಮಗಳ ಕೈಕೆಲ್ಸವೇ. ನಿಮ್ಮ ಹುಡ್ಗಿ ಏನ್ ಕಲ್ತವ್ಳೆ?” ಎಂದು ಕೇಳಿದಾಗ, “ಸ್ಕೂಲಲ್ಲಿ ಪಾಠ ಮಾಡ್ತಾಳೆ, ಸೂಜಿ ಹಿಡಿಯಾಕೂ ಬರಾಕಿಲ್ಲ” ಎಂದು ನಿಜ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹೆಣ್ಣು ಹೆತ್ತವಳು ಫೋನಿನಲ್ಲೇ ಸೋಲುವುದುಂಟೆ? ಎದುರಿಗೆ, ರೇಷ್ಮೆ ಹುಳದ ಮನೆಯ ಬಾಗಿಲಲ್ಲಿ ಕೂತು, ಹಗ್ಗದಷ್ಟು ದಪ್ಪದ ಉಲ್ಲನ್ ದಾರದಲ್ಲಿ ಏನೋ ಹೆಣೆಯುತ್ತಿದ್ದ ಮಗ ಲೋಕೇಶನನ್ನು ನೋಡುತ್ತ, “ನಮ್ಮ ದಿವ್ಯಾನೂ ಹಾಕ್ತಾಳೆ ಕಣಕ್ಕ. ದಿಂಬು ಹಾಕ್ತಾವ್ಳೆ. ಹಲಸಿನಹಣ್ಣಿನ ಗಾತ್ರ ಐತೆ” ಎಂದುಬಿಟ್ಟಳು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಚಿಕ್ಕಲಕ್ಷ್ಮಮ್ಮ ಮೊದಲನೆಯದನ್ನು ಹೇಳಿ ಮುಗಿಸಿದ್ದಳು.

ಲೋಕೇಶ ಮೂವತ್ತೈದು ದಾಟಿದ ಗಂಡು. ಅಕ್ಕೂರಿನಲ್ಲಿ ಹಿಪ್ಪುನೇರಳೆ ತೋಟ, ಬೋರ್‌ವೆಲ್, ಬೈಕು, ಹುಳದ ಮನೆ ಎಲ್ಲಾ ಇತ್ತು, ಹೆಣ್ಣು ಮಾತ್ರ ಸಿಕ್ಕಿರಲಿಲ್ಲ. ನೋಡಲು ಹೋದ ಮನೆಗಳಲ್ಲೆಲ್ಲ ಮೊದಲು ಉಪ್ಪಿಟ್ಟು ಕೊಟ್ಟು, ಆಮೇಲೆ “ಹುಡ್ಗ ಏನ್ ಮಾಡ್ಕೊಂಡವ್ನೆ?” ಎಂದು ಕೇಳುತ್ತಿದ್ದರು. “ಹುಳ ಸಾಕ್ತಾನೆ” ಎಂದ ಮೇಲೆ ಕಾಫಿ ಬರುತ್ತಿರಲಿಲ್ಲ. ಹೀಗೆ ಕಾಫಿ ಇಲ್ಲದೆ ವಾಪಸು ಬಂದೂ ಬಂದೂ ಅವನು ಕನ್ನಡಿ ನೋಡುವುದನ್ನೇ ಕಡಿಮೆ ಮಾಡಿದ್ದ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎನ್ನುತ್ತಾರಲ್ಲ, ಅವನಿಗೆ ಹಿಡಿದದ್ದು ಕ್ರೋಶಾ ಹುಚ್ಚು. ಲಾಕ್‌ಡೌನಿನಲ್ಲಿ ರೇಷ್ಮೆ ಗೂಡು ಮಾರಲು ದಾರಿಯಿಲ್ಲದೆ ಕೂತಿದ್ದಾಗ ಫೋನಿನಲ್ಲಿ ನೋಡಿ ಕಲಿತದ್ದು. ಬೆರಳು ಓಡುತ್ತಿದ್ದರೆ ಮನಸ್ಸು ಸುಮ್ಮನಿರುತ್ತಿತ್ತು, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ದಪ್ಪ ದಾರಕ್ಕೆ ತಕ್ಕ ಕಡ್ಡಿ ಎಲ್ಲೂ ಸಿಗದೆ, ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಗಫಾರ್ ಹತ್ತಿರ ಮರದ್ದೇ ಕಡೆಸಿಕೊಂಡು ಬಂದಿದ್ದ. “ಏನಕ್ಕಣ್ಣ ಇದು?” ಎಂದರೆ “ಹುಳಕ್ಕೆ” ಎಂದಿದ್ದ. ಹುಳದ ಕೆಲಸ ಎಂದರೆ ಯಾರೂ ಮುಂದಕ್ಕೆ ಕೇಳುವುದಿಲ್ಲ.

ಈ ಸಲ ನೋಡಲು ಬರುತ್ತಿದ್ದದ್ದು ತಂಗಿ ದಿವ್ಯಾಳನ್ನು. ಆದರೆ ಅದರ ಬೆನ್ನಿಗೆ ಬೈರಮ್ಮ ಇನ್ನೊಂದು ಮಾತು ತೇಲಿಬಿಟ್ಟಿದ್ದಳು. “ಕೂಡಿ ಬಂದ್ರೆ ಕೊಟ್ಟು ತರೋ ಮಾತೂ ಆಡಾಣ. ನಿಮ್ಮ ಹುಡ್ಗಿ ನಮ್ಮನೆಗೆ, ನಮ್ಮ ಲತಾಮಣಿ ನಿಮ್ಮನೆಗೆ.” ಅಂದಿನಿಂದ ಲೋಕೇಶನ ಕಣ್ಣ ಮುಂದೆ ಒಂದೇ ಚಿತ್ರ. ಸಂಜೆ ಹೊತ್ತು, ಜಗಲಿಯ ಮೇಲೆ ಇಬ್ಬರು, ನಡುವೆ ಒಂದು ದಾರದ ಉಂಡೆ. ಕ್ರೋಶಾ ಹಾಕುವ ಹೆಂಡತಿ! ದೇವರು ಇಷ್ಟು ವರ್ಷ ತಡಮಾಡಿದ್ದು ಇದಕ್ಕೇ ಎಂದುಕೊಂಡ. ಇದು ತಪ್ಪಿದರೆ ಇನ್ನೊಂದು ಬರುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಆ ಭಾನುವಾರ ಬೆಳಿಗ್ಗೆ ದಿಂಬಿನ ಬಾಯಿ ಇನ್ನೂ ತೆರೆದೇ ಇತ್ತು. ತುಂಬಲು ತಂದ ಹತ್ತಿ ಅರ್ಧಕ್ಕೇ ಮುಗಿದು ದಿಂಬು ಉಪವಾಸದ ಹೊಟ್ಟೆಯಂತೆ ಜೋತು ಬಿದ್ದಿತ್ತು.

“ಅವ್ರು ಕನಕಪುರ ದಾಟವ್ರಂತೆ ಕಣ್ಲಾ! ಏನಾರ ತುಂಬುಸ್ಲಾ ಬೇಗ!” ಎಂದು ಚಿಕ್ಕಲಕ್ಷ್ಮಮ್ಮ ಕೂಗಿದ್ದು ಪಕ್ಕದ ಮನೆಯ ಮಾಯಮ್ಮನ ಕಿವಿಗೆ ಬಿತ್ತು. ಮಾಯಮ್ಮ ಕುರಿ ಸಾಕಿದವಳು. ಕರೆಯದಿದ್ದರೂ ಬರುವವಳು. ಆಗತಾನೆ ಕತ್ತರಿಸಿದ ಕುರಿ ಉಣ್ಣೆಯ ಚೀಲ ಹೊತ್ತುಕೊಂಡೇ ಒಳಗೆ ಬಂದಳು. ಬಂದವಳು ಲೋಕೇಶನ ಕೈಯಲ್ಲಿದ್ದ ಕಡ್ಡಿ ನೋಡಿ ಅಲ್ಲೇ ನಿಂತಳು.

“ಅಯ್ಯೋ ನಿನ್ ಕೈ ಸೇದೋಗ! ಇದನ್ನ ಹಾಕ್ತಿರೋದು ನೀನೇನ್ಲಾ?”

“ಮೆತ್ತಗೆ ಮಾಯಕ್ಕ. ಯಾರ್ಗೂ ಯೋಳ್ಬ್ಯಾಡ.”

“ನಾನ್ಯಾಕ್ಲಾ ಯೋಳ್ಲಿ? ನಂಗೇನ್ ಬ್ಯಾರೆ ಕೆಲ್ಸ ಇಲ್ವಾ?”

ಬೇರೆ ಕೆಲಸ ಇರಲಿಲ್ಲ. ಲೋಕೇಶ ಉಣ್ಣೆ ತುರುಕಿ ದಿಂಬಿನ ಬಾಯಿ ಮುಚ್ಚುವ ಹೊತ್ತಿಗೆ ಕಾಂಪೌಂಡಿನ ಮೇಲೆ ಬೀದಿಯ ಹೆಂಗಸರ ತಲೆಗಳು ಸಾಲಾಗಿ ಮೂಡಿದ್ದವು. ದಿಂಬು ಮಾತ್ರ ಚೆನ್ನಾಗಿ ಬಂದಿತ್ತು. ಬಿಳಿ ದಾರ, ಹೆಬ್ಬೆರಳು ಗಾತ್ರದ ಕುಣಿಕೆಗಳು, ನಾಲ್ಕು ಮೂಲೆಗೂ ಗೊಂಡೆ. ಸೋಫಾದ ನಡುವೆ ಕೂರಿಸಿದಾಗ ಮದುಮಗಳ ಹಾಗೆ ಕಾಣುತ್ತಿತ್ತು. ದಿವ್ಯ ಅದರ ಪಕ್ಕದಲ್ಲಿ ನಿಂತು, “ಅಣ್ಣ, ಹಾಕಿ ತೋರ್ಸು ಅಂದ್ರೆ ಏನ್ ಮಾಡ್ಲಿ?” ಎಂದು ಕೇಳಿದಳು. ಅವಳ ಧ್ವನಿಯಲ್ಲಿ ಅಳು ಇತ್ತು. ಚಿಕ್ಕಲಕ್ಷ್ಮಮ್ಮ ಅರಿಶಿನ ಹಚ್ಚಿ ಅವಳ ಬೆರಳಿಗೆ ಬಟ್ಟೆ ಸುತ್ತಿದಳು. ಅದು ಎರಡನೇ ಸುಳ್ಳು.

ಗಂಡಿನ ಕಡೆಯವರು ಬಂದರು. ಮುಂದೆ ಗಂಡಿನ ತಂದೆ ಅನಂತರಾಜು, ಹಿಂದೆ ಬೈರಮ್ಮ, ಅವಳ ಹಿಂದೆ ಗಂಡು ದೀಪು. ಬಿಡದಿಯಲ್ಲಿ ಯಾವುದೋ ಫ್ಯಾಕ್ಟರಿಯ ಕೆಲಸ, ಮೂಗಿನ ತುದಿಯಲ್ಲಿ ಕನ್ನಡಕ. ಕೊನೆಗೆ ಲತಾಮಣಿ. ಗಟ್ಟಿ ಹೆಜ್ಜೆಯ, ಎಣ್ಣೆಗಪ್ಪು ಬಣ್ಣದ ಹುಡುಗಿ. ಲೋಕೇಶ ಅವಳನ್ನು ಪೂರ್ತಿ ನೋಡಲಿಲ್ಲ. ಧೈರ್ಯ ಬರಲಿಲ್ಲ.

ಅನಂತರಾಜು ಸೀದಾ ಹೋಗಿ ದಿಂಬಿಗೆ ಒರಗಿದರು. “ಚೆನ್ನಾಗೈತೆ ಕಣವ್ವ, ಮೆತ್ತಗೈತೆ” ಎಂದರು. ಮೈಯ ಶಾಖಕ್ಕೆ ದಿಂಬು ಬೆಚ್ಚಗಾಯಿತು. ಬೆಚ್ಚಗಾದ ಮೇಲೆ ಒಳಗಿನ ಉಣ್ಣೆ ತನ್ನ ಹುಟ್ಟೂರನ್ನು ನೆನೆಸಿಕೊಂಡಿತು. ಅನಂತರಾಜು ಮೂಗು ಅರಳಿಸಿ ಅತ್ತಿತ್ತ ನೋಡಿ, “ಇಲ್ಲೆಲ್ಲೋ ಕುರಿ ಅವೆ” ಎಂದರು.

“ನಮ್ಮವೇ ಸ್ವಾಮಿ!” ಎಂದಳು ಮಾಯಮ್ಮ, ಬಾಗಿಲಲ್ಲಿ ನಿಂತು, ಹೆಮ್ಮೆಯಿಂದ.

ಚಿಕ್ಕಲಕ್ಷ್ಮಮ್ಮ ಓಡಿಹೋಗಿ ಒಂದು ಹಿಡಿ ಊದುಬತ್ತಿ ಹಚ್ಚಿದಳು. ಅದನ್ನು ಕಂಡು ಲೋಕೇಶನ ಜೀವ ಬಾಯಿಗೆ ಬಂತು. ಹುಳಕ್ಕೆ ಊದುಬತ್ತಿ ಹೊಗೆ ಆಗದು, ಬೆಳೆಗೆ ಬೆಳೆಯೇ ಹೋಗುತ್ತದೆ. ನೆಂಟರ ಮುಂದೆಯೇ ಪಂಚೆ ಎತ್ತಿ ಕಟ್ಟಿ ಓಡಿ, ಹುಳದ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ, ತಲೆಗೆ ಅಂಟಿದ ಹಿಪ್ಪುನೇರಳೆ ಎಲೆಯ ಸಮೇತ ಏದುಸಿರು ಬಿಡುತ್ತ ವಾಪಸು ಬಂದ. ಆಗ ಲತಾಮಣಿ ಅವನನ್ನು ನೋಡಿದಳು. ನೋಡಿ ಸಣ್ಣಗೆ ನಕ್ಕಳು. ಎಷ್ಟೋ ವರ್ಷಗಳಿಂದ ಯಾವ ಹುಡುಗಿಯೂ ಅವನನ್ನು ನೋಡಿ ಹಾಗೆ ನಕ್ಕಿರಲಿಲ್ಲ. ಅವನಿಗೆ ಹುಳವೂ ಮರೆತುಹೋಯಿತು, ಬೆಳೆಯೂ ಮರೆತುಹೋಯಿತು.

ಒಳಗೆ ದಿವ್ಯ ಕಾಫಿ ಕೊಟ್ಟಿದ್ದಳು. ಬೈರಮ್ಮ ಲೋಟ ಕೆಳಗಿಟ್ಟು, “ದಾರ ಕಡ್ಡಿ ತಕ್ಕಂಬಾ ಮಗ, ಒಂದು ಸಾಲು ಹಾಕು, ನೋಡಾಣ” ಎಂದಳು.

“ಅಯ್ಯೋ, ಬೆಳಿಗ್ಗೆ ಈಳಿಗೆ ಮಣೇಲಿ ಬೆರಳು ಕುಯ್ಕೊಂಬುಟ್ಳು ಕಣಕ್ಕ” ಎಂದಳು ಚಿಕ್ಕಲಕ್ಷ್ಮಮ್ಮ.

“ಯಾವಾಗ?” ಎಂದಳು ಮಾಯಮ್ಮ. “ನಾನ್ ಬಂದಾಗ ಚೆನ್ನಾಗೇ ಇತ್ತಲ್ಲ. ಕಾಯಿ ತುರೀತಾ ಇದ್ಲು!”

ಬೈರಮ್ಮನ ಹುಬ್ಬು ಮೇಲಕ್ಕೆ ಹೋಯಿತು. ಚಿಕ್ಕಲಕ್ಷ್ಮಮ್ಮ ಮಾಯಮ್ಮನನ್ನು ಸುಟ್ಟುಬಿಡುವ ಹಾಗೆ ನೋಡಿ, ಬೀಗಿತ್ತಿಯಾಗುವವಳ ಕಡೆ ತಿರುಗಿದಳು. “ನಿಮ್ಮ ಲತಾಮಣೀನೇ ಒಂದು ಸಾಲು ಹಾಕ್ಲಿ ಬುಡಿ. ನಮ್ಮವಳೂ ನೋಡಿ ಕಲ್ತ್ಕೋತಾಳೆ.”

ಬೈರಮ್ಮ ಕೆಮ್ಮಿದಳು. “ಅವ್ಳು... ಕನ್ನಡಕ ಬುಟ್ಬಂದವ್ಳೆ.”

ಅಷ್ಟರಲ್ಲಿ, ಬಂದಾಗಿನಿಂದ ತುಟಿ ಬಿಚ್ಚದಿದ್ದ ದೀಪು ಬಾಯಿ ತೆರೆದ. ಅಪ್ಪನ ಬೆನ್ನಿನಿಂದ ದಿಂಬನ್ನು ಬಿಡಿಸಿಕೊಂಡು ತೊಡೆಯ ಮೇಲಿಟ್ಟುಕೊಂಡಿದ್ದ. “ಈ ಮೂಲೇಲಿ ಒಂದು ಕುಣಿಕೆ ಜಾಸ್ತಿ ಆಗೈತೆ” ಎಂದ.

“ಜಾಸ್ತಿ ಅಲ್ಲ ಅದು!” ಎಂದ ಲೋಕೇಶ, ಬಾಗಿಲಿನಿಂದ. “ಮೂಲೇಲಿ ಬೇಕಂತ್ಲೇ ಏರ್ಸಿರೋದು. ಇಲ್ಲಾಂದ್ರೆ ಮುದುರ್ಕೊಂಬುಡ್ತದೆ.”

ಎಲ್ಲರೂ ಅವನ ಕಡೆ ತಿರುಗಿದರು. “ಅಂತ... ದಿವ್ಯ ಯೋಳ್ತಿದ್ಲು” ಎಂದು ಸೇರಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರೆ. ಇವನು ಯಾರೂ ಕೂಗುವ ಮುಂಚೆಯೇ ಮುಟ್ಟಿಕೊಂಡಿದ್ದ. ದೀಪು ಕನ್ನಡಕ ಮೇಲಕ್ಕೇರಿಸಿ ಅವನನ್ನೇ ನೋಡತೊಡಗಿದ.

ಲತಾಮಣಿ ಎದ್ದು, “ಕೈ ತೊಳ್ಕೋಬೇಕಿತ್ತು” ಎಂದಳು. ಲೋಕೇಶ ಚೊಂಬು ಹಿಡಿದು ಹಿತ್ತಲಿಗೆ ದಾರಿ ತೋರಿಸಿದ. ಅವಳು ಕೈ ತೊಳೆದು, ತೋಟದ ಕಡೆ ನೋಡುತ್ತ, “ಎಲ್ಲಾ ನೀವೊಬ್ರೇ ನೋಡ್ಕೋತೀರಾ?” ಎಂದು ಕೇಳಿದಳು.

“ಊ. ಬೆಳಿಗ್ಗೆ ಸೊಪ್ಪು, ಆಮೇಲೆ ಹುಳ, ಸಂಜೆ ನೀರು.”

“ಒಳ್ಳೇದಲ್ವಾ” ಎಂದಳು. ಹೇಳಿದ ರೀತಿ ಬೆಚ್ಚಗಿತ್ತು.

ಇಲ್ಲಿ ಲೋಕೇಶ ಸುಮ್ಮನಿರಬೇಕಿತ್ತು. ಆದರೆ ಅವನಿಗೆ ಅನ್ನಿಸಿತು, ಇವಳ ಹತ್ತಿರ ಸುಳ್ಳಿನಿಂದ ಶುರುಮಾಡಬಾರದು. ಅಲ್ಲದೆ ಇದೇ ಅವನ ಬಳಿ ಇದ್ದ ಒಂದೇ ತುರುಪು. ಕ್ರೋಶಾ ಹಾಕುವ ಹುಡುಗಿಗೆ ಕ್ರೋಶಾ ಹಾಕುವ ಗಂಡು ಸಿಕ್ಕರೆ ಅವಳು ಕುಣಿದಾಡುವುದಿಲ್ಲವೆ?

“ಒಂದು ಮಾತು” ಎಂದ. “ಆ ದಿಂಬು ದಿವ್ಯ ಹಾಕಿದ್ದಲ್ಲ. ನಾನು ಹಾಕಿದ್ದು. ನಂಗೂ ಕ್ರೋಶಾ ಬತ್ತದೆ. ನಿಮ್ಮಂಗೇ.”

ಲತಾಮಣಿಯ ಮುಖದಲ್ಲಿದ್ದ ನಗೆ ನಿಧಾನವಾಗಿ ಇಳಿಯಿತು.

“ನೀವಾ?”

“ಊ. ನಾನೇ.”

ಅವಳು ಒದ್ದೆ ಕೈ ಕೊಡವಿದಳು. ಆಮೇಲೆ ಮನೆಯ ಕಡೆ ತಿರುಗಿ, “ಅವ್ವಾ, ಬಾ ಇಲ್ಲಿ. ಇಲ್ಲೂ ಅದೇ ಕತೆ” ಎಂದು ಕೂಗಿದಳು.

ಎಲ್ಲರೂ ಬಂದರು. ಮಾಯಮ್ಮ ಎಲ್ಲರಿಗಿಂತ ಮೊದಲು ಬಂದಳು. ದೀಪು ದಿಂಬು ಎತ್ತಿಕೊಂಡೇ ಬಂದ.

“ನಂಗೆ ಕ್ರೋಶಾ ಬರಾಕಿಲ್ಲ” ಎಂದಳು ಲತಾಮಣಿ. “ನಮ್ಮನೇಲಿ ಟೀವಿ ಮೇಲೆ ಇರೋದೂ, ಮಿಕ್ಸಿ ಮೇಲೆ ಇರೋದೂ ಎಲ್ಲಾ ನಮ್ಮಣ್ಣ ಹಾಕಿರೋದು. ಗಂಡ್ಸು ಅಂದ್ರೆ ನಗ್ತಾರೆ ಅಂತ ಅವ್ವ ನನ್ನ ಹೆಸ್ರು ಯೋಳ್ತಾಳೆ.”

ಬೈರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಚಿಕ್ಕಲಕ್ಷ್ಮಮ್ಮನೂ ಒರೆಸಿಕೊಂಡಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬಯ್ಯಲು ಇಬ್ಬರಿಗೂ ಬಾಯಿರಲಿಲ್ಲ. ಕೊನೆಗೆ ಬೈರಮ್ಮನೇ, “ಓಗ್ಲಿ ಬುಡವ್ವ, ಸಮಕ್ಕೆ ಸಮ ಆಯ್ತು” ಎಂದಳು. ದಿವ್ಯ ಬೆರಳಿನ ಬಟ್ಟೆ ಕಿತ್ತೆಸೆದು, ಮೊದಲ ಸಲ ದೀಪುವಿನ ಮುಖ ನೋಡಿ ನಕ್ಕಳು. ಇನ್ನು ಈ ಜನ್ಮದಲ್ಲಿ ಅವಳು ಸೂಜಿ ಹಿಡಿಯಬೇಕಾಗಿಲ್ಲ. ದೀಪು ಅವಳಿಗೆ ನಕ್ಕು ಉತ್ತರ ಕೊಟ್ಟು, ಲೋಕೇಶನ ಹತ್ತಿರ ಬಂದು, “ಈ ದಾರ ಎಲ್ಲಿ ಸಿಗ್ತದೆ?” ಎಂದು ಗುಟ್ಟಾಗಿ ಕೇಳಿದ.

“ಅಂಗಾರೆ ಒಂದೇ ಮಾತಲ್ಲಿ ಎಲ್ಡೂ ಮುಗಿಸ್ಬುಡಾಣ” ಎಂದರು ಅನಂತರಾಜು. “ಲತಾ, ನೀನೇನಂತೀಯಾ?”

ಲೋಕೇಶ ಪಂಚೆ ಸರಿಮಾಡಿಕೊಂಡ.

“ನಂಗ್ ಬ್ಯಾಡಪ್ಪ” ಎಂದಳು ಲತಾಮಣಿ. ಆಮೇಲೆ ಲೋಕೇಶನ ಕಡೆ ತಿರುಗಿದಳು. ಅವಳಿಗೂ ಕಷ್ಟವಾಗುತ್ತಿತ್ತು. “ನೀವು ಒಳ್ಳೇವ್ರೇ. ನಮ್ಮಣ್ಣಾನೂ ಒಳ್ಳೇವ್ನೇ. ಆದ್ರೆ ಅವ್ನು ದಾರ ಇಡ್ಕೊಂಡು ಕುಂತ್ರೆ ಮನೆ ಬಿದ್ದೋದ್ರೂ ಏಳಾಕಿಲ್ಲ. ಉಣ್ಣಾಕ್ ಬಾ ಅಂದ್ರೆ ಇದೊಂದು ಸಾಲು ಅಂತಾನೆ. ಮುದ್ದೆ ಕಲ್ಲಾಗೋವರ್ಗೂ ತಟ್ಟೆ ಮುಂದೆ ಕಾಯೋಳು ನಾನು. ಮಾಡ್ದೆ ಇರೋ ಕೆಲ್ಸಕ್ಕೆ ಹೊಗಳಿಸ್ಕೊಂಡು ಹಲ್ಲು ಕಿರಿಯೋಳೂ ನಾನೇ. ಹುಳ ಸಾಕೋ ಗಂಡು ಅಂದಾಗ ಖುಷಿಯಾಗಿ ಒಪ್ಪಿದ್ದೆ. ತೋಟ, ಸೊಪ್ಪು ಅಂತ ಓಡಾಡ್ಕೊಂಡಿರ್ತಾನೆ, ದಾರದ ಕಾಟ ಇರಾಕಿಲ್ಲ ಅಂತ. ಈವಾಗ ಒಸಿ ಮುಂಚೆವರ್ಗೂ ಒಪ್ಕೊಂಡೇ ಇದ್ದೆ.”

ಲೋಕೇಶನಿಗೆ ಅಳಬೇಕು ಅನ್ನಿಸಿತು, ಆದರೆ ನೆಂಟರಿದ್ದರು. ಇಷ್ಟು ವರ್ಷ ನೋಡಿದ ಹುಡುಗಿಯರೆಲ್ಲ ಹುಳ ಎಂದು ಬೇಡವೆಂದಿದ್ದರು. ಹುಳ ಎಂದು ಬಂದವಳೊಬ್ಬಳನ್ನು ಅವನೇ ಬಾಯಾರೆ ಕಳಿಸಿಕೊಟ್ಟಿದ್ದ.

“ನಾನ್ ಯೋಳ್ಬಾರ್ದು ಅಂತಿದ್ದೆ. ಅವ್ನೇ ಯೋಳ್ಬುಟ್ಟ ನೋಡವ್ವ” ಎಂದು ಮಾಯಮ್ಮ ಕಾಂಪೌಂಡಿನ ಆಚೆಯವರಿಗೆ ವರದಿ ಒಪ್ಪಿಸಿದಳು.

ದಿವ್ಯಾಳ ಮದುವೆ ಗೊತ್ತಾಯಿತು. ಎಲೆ ಅಡಿಕೆ ಬದಲಾಯಿತು. ಹುಡುಗಿಗೆ ಮಂಚ, ಹಾಸಿಗೆ, ದಿಂಬು ಹೆಣ್ಣಿನ ಮನೆಯದೇ ತಾನೇ ಎಂದ ಬೈರಮ್ಮ, ದಿಂಬು ಮಾತ್ರ ಇಂಥವೇ ಆಗಬೇಕು, ಒಳಗೆ ಹತ್ತಿಯೇ ಇರಬೇಕು ಎಂದು ಸೇರಿಸಿದಳು. ಲೋಕೇಶ ತಲೆಯಾಡಿಸಿದ.

ಕಾರು ಹೊರಡುವಾಗ ಲತಾಮಣಿ ಕಿಟಕಿ ಗಾಜು ಇಳಿಸಿ ಅವನನ್ನು ಕರೆದಳು. ಅತ್ತಿಗೆಯಾಗುವವಳ ಅಣ್ಣ. ವರಸೆಯಲ್ಲಿ ಭಾವ ಎಂದು ಕರೆಯಬೇಕು. ಬಾಯಿ ತೆರೆಯುವ ಮುಂಚೆ ಅವಳು ಒಂದು ಗಳಿಗೆ ಯೋಚಿಸಿದ್ದು ಲೋಕೇಶನಿಗೆ ಕಂಡಿತು.

“ಲೋಕೇಶಣ್ಣ,” ಎಂದಳು. “ನನ್ನ ಮದ್ವೆ ಗೊತ್ತಾದ್ರೆ ನಂಗೂ ಒಂದು ಜೊತೆ ದಿಂಬು ಹಾಕ್ಕೊಡಿ.”

ಅಣ್ಣ ಎಂದ ಮೇಲೆ ಮುಗಿಯಿತು. ಲೋಕೇಶ ಕಾರಿನ ಬಾಗಿಲಿನಿಂದ ಕೈ ತೆಗೆದ. ಆಮೇಲೆ, “ಆಯ್ತು ಕಣಮ್ಮ” ಎಂದ. “ಯಾವ ಬಣ್ಣ?”