ಮುಂದಿನ ವರ್ಷದ ಮೋರೆ

ಮುಂದಿನ ವರ್ಷದ ಪಿಕಪ್ ಟ್ರಕ್ಕಿನ ಮೋರೆ ಹೇಗಿರುತ್ತದೆಂದು ಇಡೀ ಕಾನ್ಸಸ್ ಸೀಮೆಯಲ್ಲಿ ಕರಾರುವಾಕ್ಕಾಗಿ ಹೇಳಬಲ್ಲವನು ನಾನೊಬ್ಬನೇ! ಎಂಟನೆಯ ತರಗತಿಗೆ ಶಾಲೆ ಬಿಟ್ಟರೂ ಇಂಜಿನ್ ಬಿಚ್ಚಿ ಬಿಚ್ಚಿಯೇ ವಿದ್ಯೆ ಸಂಪಾದಿಸಿದವನು. ಕಂಪನಿಯವರು ನನ್ನನ್ನು ಕೇಳಲಿಲ್ಲ, ಅದು ಅವರ ಕರ್ಮ.

ಗೋಧಿ ಗೋದಾಮಿನ ಕಾಫಿ ಮೇಜಿನಲ್ಲಿ ಬೆಳಗಾದರೆ ಬೇರೆ ಮಾತೇ ಇಲ್ಲ. ರೂಪ ಯಾರಿಗೂ ಗುರುತು ಸಿಗದಿರಲೆಂದು ಕಂಪನಿಯವರು ಹೊದಿಸಿದ ಕಪ್ಪು-ಬಿಳಿ ಸುರುಳಿಗಳ ಮುಸುಕಿನಲ್ಲೇ ಪರೀಕ್ಷೆಗೆ ಓಡುತ್ತಿದ್ದ ಹೊಸ ಟ್ರಕ್ಕಿನ ಫೋಟೋವನ್ನು ಯಾರೋ ಕದ್ದು ತೆಗೆದಿದ್ದರು.

“ದೀಪ ಒಂದರ ಮೇಲೊಂದು ಬರ್ತವೆ, ಬರೆದಿಟ್ಕೊಳ್ಳಿ,” ಎಂದೆ.

“ಪಕ್ಕಪಕ್ಕದಲ್ಲೇ ಕಣೋ ಮರ್ಲ್. ಮುಸುಕಿನೊಳಗಿನ ಮೂಗು ನಿನಗೆ ಹ್ಯಾಗೆ ಕಾಣ್ತು?” ಎಂದ ಗೆಳೆಯ ಓರ್ವಿಲ್. ಎಲ್ಲರೂ ಹಲ್ಲು ಕಿಸಿದರು.

ತೋರಿಸಿಯೇ ಬಿಡುತ್ತೇನೆ! ಮನೆಗೆ ಬಂದವನೇ ನನ್ನ ಮುದಿ ಟ್ರಕ್ಕಿನ ಮುಂದಿನ ಜಾಲರಿ ಕಿತ್ತೆ. ಪ್ಲೈವುಡ್ಡಿನಲ್ಲಿ ಭವಿಷ್ಯದ ಮೋರೆ ಕೆತ್ತಿ, ಟ್ರ್ಯಾಕ್ಟರಿನ ದೀಪಗಳನ್ನು ಮೇಲೊಂದು ಕೆಳಗೊಂದು ಕೂರಿಸಿದೆ. ಅದರ ಮೇಲೆ ಹೆಂಡತಿ ಓಪಲ್‌ಳ ಕಪ್ಪು-ಬಿಳಿ ಪರದೆ ಬಿಗಿದೆ. ಚರ್ಚಿನವರು ಹಳೆ ಕಬ್ಬಿಣ ಕೂಡಿಸುತ್ತಿದ್ದರು. ನಗ್ಗಿದ ಆ ಜಾಲರಿಯನ್ನು ಅವರ ಗಾಡಿಗೆ ಎಸೆದು ಪುಣ್ಯವನ್ನೂ ಕಟ್ಟಿಕೊಂಡೆ.

ನನ್ನ ಟ್ರಕ್ಕಿನ ಮೆರವಣಿಗೆ ಗೋದಾಮಿಗೆ ಬಂತು. ಕಾಫಿ ಬಳಗ ಲೋಟದ ಸಮೇತ ಹೊರಗೋಡಿ ಬಂದು ಫೋಟೋ ತೆಗೆಯಿತು! ಆ ಮಹಾಕ್ಷಣದಲ್ಲಿ, ಪರದೆಯೊಳಗೆ ಉಸಿರುಗಟ್ಟಿದ್ದ ರೇಡಿಯೇಟರ್ ಬುಸ್ಸೆಂದು ಉಕ್ಕಿತು. ಪರದೆ ಹಾರಿತು. ಭವಿಷ್ಯ ಕಳಚಿ ಓರ್ವಿಲ್‌ನ ಬೂಟಿನ ಮೇಲೆ ಬಿತ್ತು.

“ಅಬ್ಬಾ, ಮುಂದಿನ ವರ್ಷದ್ದಕ್ಕೆ ನೆಗಡಿ ಬೇರೆ!” ಎಂದು ಕುಂಟುತ್ತಲೇ ನಕ್ಕ. ಅವನೇ ಹಗ್ಗ ಕಟ್ಟಿ ನನ್ನ ಟ್ರಕ್ಕನ್ನು ಮನೆಗೆ ಎಳೆದು ತಂದ.

ಓಪಲ್ ಬಾಗಿಲಲ್ಲೇ ನಿಂತಿದ್ದಳು. ಪರದೆಯ ಮಾತೇ ಎತ್ತಲಿಲ್ಲ.

“ಹಳೇ ಜಾಲರಿ ಎಲ್ಲಿ?”

“ಆ ನಗ್ಗಿದ್ದಾ? ಚರ್ಚಿನ ಗಾಡಿಗೆ ಹಾಕ್ಬಿಟ್ಟೆ.”

“ಅದನ್ನ ನಗ್ಗಿಸಿದ್ದು ಕಾರ್ಲಾ, ಮರ್ಲ್.”

ಕಾರ್ಲಾ ನಮ್ಮ ಮಗಳು. ಟ್ರಕ್ ಓಡಿಸಲು ಕಲಿಯುವಾಗ ಗೇಟಿನ ಕಂಬಕ್ಕೆ ಗುದ್ದಿ, ಅಳುತ್ತಾ ನಗುತ್ತಾ ಇಳಿದು ಬಂದಿದ್ದಳು. ಮರುವರ್ಷದ ಚಳಿಗಾಲದಲ್ಲಿ ಜ್ವರ ಅವಳನ್ನು ಒಯ್ದಿತು. ಟಪಾಲು ತರಲು ಹೋಗುವಾಗಲೆಲ್ಲ ಓಪಲ್ ಟ್ರಕ್ಕಿನ ಮೂತಿಗೆ ಕೈಯೂರಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಮಂಡಿನೋವು ಎಂದುಕೊಂಡಿದ್ದೆ ನಾನು!

ಚರ್ಚಿನ ಗಾಡಿ ಆಗಲೇ ಗುಜರಿಯಲ್ಲಿ ಸುರಿದು ಬಂದಿತ್ತು. ಗುಜರಿಯವನಿಗೆ ಫೋನ್ ಹಚ್ಚಿದೆ.

“ಅಜ್ಜಾ, ಅಂಥ ಜಾಲರಿ ಇಲ್ಲಿ ರಾಶಿ ಬಿದ್ದಿವೆ. ನಿಮ್ಮದರ ನಗ್ಗು ಯಾವ ಕಡೆ?”

ಮುಸುಕಿನೊಳಗಿನ ಮೋರೆ ಕಂಡ ಮಹಾಪಂಡಿತನಿಗೆ ಇದು ಕಾಣಲಿಲ್ಲ. ವರ್ಷಗಟ್ಟಲೆ ನಾನೇ ಕೈಯಾರೆ ತೊಳೆದ ಜಾಲರಿ!

“ಬ... ಬಲಕ್ಕೆ,” ಎಂದೆ.

ಓಪಲ್ ಫೋನ್ ಕಿತ್ತುಕೊಂಡಳು. “ಎಡಕ್ಕಪ್ಪಾ. ದೀಪದ ಪಕ್ಕದಲ್ಲಿ. ನನ್ನ ಅಂಗೈ ಸರಿಯಾಗಿ ಕೂರುತ್ತೆ. ಯಾವುದನ್ನೂ ಮುಟ್ಬೇಡ, ನಾನೇ ಬಂದು ಹುಡುಕ್ತೀನಿ.”

ಕೋಟು ತೊಟ್ಟು, ಅಂಗಳದಲ್ಲಿ ಇನ್ನೂ ನಿಂತಿದ್ದ ಓರ್ವಿಲ್‌ನ ಟ್ರಕ್ ಹತ್ತಿದಳು. ನಾನೂ ಹತ್ತಲು ಹೋದೆ. ಅವಳು ಬಾಗಿಲೆಳೆದುಕೊಂಡಳು.

“ನೀನ್ಯಾಕೆ ಬರ್ತೀಯ? ಇಲ್ಲೇ ಕೂತು ಮುಂದಿನ ವರ್ಷದ್ದು ನೋಡ್ತಿರು.”