ಐದು ಕಂಪ್ಯೂಟರುಗಳ ಮೌನವ್ರತ

ಆ ತಂತ್ರಾಂಶವನ್ನು ನಮ್ಮ ಕಚೇರಿಯ ಕಂಪ್ಯೂಟರುಗಳಿಗೆ ಹಾಕಲು ಏಳು ನಿಮಿಷ ಹಿಡಿಯಿತು. ತೆಗೆಯಲು ಆರು ದಿನ. ಆರನೆಯ ದಿನ ನಡೆದದ್ದನ್ನು ನನ್ನ ಗಂಡ ಕಂಡಕಂಡವರಿಗೆ ಬಣ್ಣ ಕಟ್ಟಿ ಹೇಳುತ್ತಿದ್ದಾರೆ. ಆದ್ದರಿಂದ ಬಣ್ಣವಿಲ್ಲದ ವರದಿಯೊಂದನ್ನು ನಾನೇ ಬರೆದಿಡುವುದು ಮೇಲು.

ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲಿ ನಮ್ಮದೊಂದು ಸಣ್ಣ ಕಚೇರಿಯಿದೆ. ದಪ್ಪ ಪುಸ್ತಕಗಳ ಕೊನೆಯಲ್ಲಿ, ಯಾವ ವಿಷಯ ಯಾವ ಪುಟದಲ್ಲಿದೆ ಎಂದು ತಿಳಿಸುವ ಪದಸೂಚಿ ಇರುತ್ತದಲ್ಲ, ಅದನ್ನು ನಾವು ತಯಾರಿಸುತ್ತೇವೆ. (ಅದು ಅಣಬೆಯಂತೆ ತಾನಾಗಿ ಹುಟ್ಟುತ್ತದೆಂದು ಓದುಗರು ತಿಳಿದಿದ್ದಾರೆ.) ಮೂವತ್ತು ವರ್ಷ ತರ್ಕಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಇದನ್ನು ಆರಂಭಿಸಿದವಳು ನಾನು; ಈಗ ನಡೆಸುವವಳು ಸೊಸೆ. ಅವಳೂ ಇನ್ನೂ ನಾಲ್ವರೂ ಐದು ಕಂಪ್ಯೂಟರುಗಳ ಮುಂದೆ ಕೂರುತ್ತಾರೆ. ಪಕ್ಕದ ಕೋಣೆಯಲ್ಲಿ, ಮುಚ್ಚಿದ ಬಾಗಿಲ ಹಿಂದೆ, ಆರನೆಯದರ ಮುಂದೆ ನಾನು.

ಹೋದ ವರ್ಷ ಒಬ್ಬ ಮಾರಾಟಗಾರನ ಮಾತು ಕೇಳಿ ಈ ಮೇಲ್ವಿಚಾರಣೆಯ ತಂತ್ರಾಂಶವನ್ನು ಹಾಕಿಸಿದೆ. ಕಾಲು ಗಂಟೆಗೊಮ್ಮೆ ಪ್ರತಿ ಪರದೆಯ ಮೇಲೂ ಒಂದು ಚೌಕ ಮೂಡಿ, "ನೀವು ಕೆಲಸ ಮಾಡುತ್ತಿದ್ದೀರಾ?" ಎಂದು ಕೇಳುತ್ತದೆ. "ಹೌದು" ಎಂಬುದನ್ನು ಒತ್ತಬೇಕು. ಒತ್ತದಿದ್ದರೆ ನನ್ನ ಪರದೆಯಲ್ಲಿ ಅವರ ಹೆಸರಿನ ಮುಂದೆ ಕೆಂಪು ಗುರುತು. ಹಾಕುವಾಗಲೇ ಅದು ನನ್ನನ್ನು ಕೆಲವು ಪ್ರಶ್ನೆ ಕೇಳಿತ್ತು. ಕಚೇರಿ ಮುಚ್ಚಿದ ಮೇಲೆ ತೆಗೆಯಬಹುದೇ? ಕೂಡದು. (ಸಂಜೆ ಯಾರಾದರೂ ಕದ್ದು ಬಂದು ಕಿತ್ತುಹಾಕಿದರೆ?) ಒಂದೊಂದಾಗಿ ತೆಗೆಯಬಹುದೇ? ಕೂಡದು. ಕೆಲಸ ನಡೆಯುತ್ತಿರುವಾಗ? ಖಂಡಿತ ಕೂಡದು, ಐದೂ ಕಂಪ್ಯೂಟರುಗಳನ್ನು ಒಟ್ಟಿಗೆ ಕಾಲು ಗಂಟೆ ಯಾರೂ ಮುಟ್ಟದಿದ್ದರೆ ಮಾತ್ರ. ನನ್ನ ಕಚೇರಿಯಲ್ಲಿ ಐದು ಜನ ಕಾಲು ಗಂಟೆ ಸುಮ್ಮನಿರುವುದುಂಟೇ! ಅಭೇದ್ಯವಾದ ಕೋಟೆ ಕಟ್ಟಿದೆನೆಂದು ಬೀಗಿದೆ.

ಸೋಮವಾರ ಸೊಸೆ ನನ್ನ ಕೋಣೆಗೆ ಬಂದು ನಿಂತಳು.

"ಅತ್ತೆ, ಎದುರು ಬೀದಿ ಪ್ರಕಾಶನದವರು ನನ್ನ ಕರೀತಿದ್ದಾರೆ. ಶನಿವಾರ ಸಂಜೆ ಐದಕ್ಕೆ ಹೇಳ್ತೀನಿ ಅಂದಿದ್ದೀನಿ. ಅಷ್ಟರೊಳಗೆ ಆ ಪೀಡೆ ತೊಲಗಬೇಕು. ಇಲ್ಲಾಂದ್ರೆ ನಾನು ಹೋಗ್ತೀನಿ."

"ಯಾವ ಪೀಡೆ?" ಎಂದೆ. ಪದಗಳ ಅರ್ಥ ಖಚಿತಪಡಿಸಿಕೊಳ್ಳುವುದು ನನ್ನ ಅಭ್ಯಾಸ.

ಅವಳು ತುಸು ಯೋಚಿಸಿ, "ಕಂಪ್ಯೂಟರಿನದು," ಎಂದಳು.

ನಾನು ಭಾವುಕಳಲ್ಲ. ಆದರೆ ಅವಳು ಹೋದರೆ ಕಚೇರಿ ಒಂದು ತಿಂಗಳೂ ನಿಲ್ಲುವುದಿಲ್ಲವೆಂಬುದು ನನಗೆ ಗೊತ್ತು. ತೆಗೆಯಲು ನಿರ್ಧರಿಸಿದೆ. ಬೆದರಿಕೆಗೆ ಮಣಿದೆನೆಂದು ಮನೆಯವರಿಗೆ ತಿಳಿಯುವುದು ಬೇಡವೆಂದು ಗುಟ್ಟಾಗಿಯೇ ಶುರುಮಾಡಿದೆ.

ಮಂಗಳವಾರ ಸಂಜೆ ಎಲ್ಲರೂ ಹೋದ ಮೇಲೆ ಆಜ್ಞೆ ಕೊಟ್ಟೆ. "ಕಚೇರಿಯ ವೇಳೆಯಲ್ಲಿ ಮಾತ್ರ" ಎಂದಿತು. ಬುಧವಾರ ಊಟದ ಬಿಡುವಿನಲ್ಲಿ ಕೊಟ್ಟೆ. ಹದಿಮೂರನೆಯ ನಿಮಿಷಕ್ಕೆ, "ಬಳಕೆದಾರರು ಕೆಲಸದಲ್ಲಿದ್ದಾರೆ. ಮೊದಲಿನಿಂದ ಎಣಿಸಲಾಗುವುದು." ಗುರುವಾರವೂ ಅದೇ ಹಾಡು. ಶುಕ್ರವಾರ ಕಂಪನಿಗೆ ಫೋನ್ ಮಾಡಿದೆ.

"ಯಾರೋ ಒತ್ತುತ್ತಿದ್ದಾರೆ ಮೇಡಂ."

"ಕೋಣೆಯಲ್ಲಿ ನರಪಿಳ್ಳೆ ಇಲ್ಲ."

"ಹಾಗಾದ್ರೆ ದೆವ್ವ ಇರ್ಬೇಕು ಮೇಡಂ. ಅದು ನಮ್ಮ ವಿಭಾಗಕ್ಕೆ ಬರಲ್ಲ."

ಶನಿವಾರ ನಾಲ್ಕಕ್ಕೆ ಎಲ್ಲರೂ ಚಹಾಕ್ಕೆ ಮೇಲೆ ಹೋದಾಗ ಆಜ್ಞೆ ಕೊಟ್ಟು, ಕಡತಗಳ ಬೀರುವಿನ ಹಿಂದೆ ಅಡಗಿ ನಿಂತೆ. (ವಯಸ್ಸು ಎಪ್ಪತ್ತೊಂದು, ಡಾಕ್ಟರೇಟ್ ಒಂದು.) ಹತ್ತು ನಿಮಿಷಕ್ಕೆ ಚಪ್ಪಲಿಯ ಸದ್ದು. ನನ್ನ ಗಂಡ ಕೈಯಲ್ಲಿ ಲೋಟ ಹಿಡಿದು ಬಂದರು. ಒಂದೊಂದೇ ಮೇಜಿನ ಬಳಿ ಬಗ್ಗಿ, ತೋರುಬೆರಳಿನಿಂದ, ಮಗುವಿನ ಕೆನ್ನೆ ಮುಟ್ಟುವ ಹಾಗೆ ಒತ್ತಿದರು.

"ಏನ್ರೀ ಇದು?"

ಚಹಾ ಚೆಲ್ಲಿತು. "ಅಯ್ಯೋ! ನೀನು ಬೀರು ಹಿಂದೆ ಏನೇ ಮಾಡ್ತಿದ್ದೀಯ?"

"ಪ್ರಶ್ನೆ ನನ್ನದು."

"ಅಲ್ವೇ, ಪಾಪ, ಅವರು ಯೋಚನೆ ಮಾಡ್ತಿರ್ತಾರೆ. ಆಗ ಇದು ಬಂದು ಕೆಲಸ ಮಾಡ್ತಿದ್ದೀಯಾ ಅಂದ್ರೆ ಎಲ್ಲಾ ಮರ್ತುಹೋಗುತ್ತೆ. ಎದ್ದುಹೋದ್ರೆ ಕೆಂಪು ಗುರುತು ಬೀಳುತ್ತೆ. ಅದಕ್ಕೆ ನಾನೇ ಒಂದು ಸುತ್ತು ಹೊಡೆದು ಹೌದು, ಹೌದು ಅಂತ ಒತ್ತಿಬಿಡ್ತೀನಿ."

"ಯಾವಾಗಿನಿಂದ?"

"ನೀನು ಹಾಕ್ಸಿದ ಮೂರನೇ ದಿನದಿಂದ."

ಅಷ್ಟರಲ್ಲಿ ಇಳಿದು ಬಂದ ಸೊಸೆ ಹೇಳಿದಳು: "ಅದೇ ಅತ್ತೆ ನನ್ನ ಗೋಳು! ಇದು ಕೇಳೋದು ಒಂದು ಸಲ. ಮಾವ ಬಂದು ಭುಜದ ಮೇಲೆ ಬಗ್ಗಿ, 'ನೀನು ಒತ್ತಬೇಡ ಮಗಳೇ, ನಾನಿದ್ದೀನಿ' ಅನ್ನೋದು ಇನ್ನೊಂದು ಸಲ."

ನಮ್ಮ ಕಚೇರಿಯ ಶಿಸ್ತು ನೂರಕ್ಕೆ ತೊಂಬತ್ತೆಂಟು ಎಂದು ನಿವೃತ್ತ ಅಧ್ಯಾಪಕರ ಸಂಘದಲ್ಲಿ ನಾನು ಉಪನ್ಯಾಸವನ್ನೇ ಕೊಟ್ಟಿದ್ದೆ. ಆ ತೊಂಬತ್ತೆಂಟೂ ನನ್ನ ಗಂಡ. ಮನೆಯಲ್ಲಿ ಒಂದು ಕಡ್ಡಿ ಎತ್ತಿಡುವುದಿಲ್ಲವೆಂದು ನಾನು ದಿನವೂ ದೂರುವ ಮನುಷ್ಯ.

"ಉಳಿದ ಎರಡು?" ಎಂದೆ.

"ಅದು ನಾನು ಸ್ನಾನಕ್ಕೆ ಹೋದಾಗ," ಎಂದರು, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ.

ಗುಟ್ಟು ಉಳಿಯಲಿಲ್ಲ. ನಾಲ್ಕೂ ಇಪ್ಪತ್ತಕ್ಕೆ ಎಲ್ಲರನ್ನೂ ಕೂರಿಸಿ, ಕೈ ಕಟ್ಟಿಸಿ, ಮತ್ತೆ ಆಜ್ಞೆ ಕೊಟ್ಟೆ. ಗಂಡನನ್ನು ಹೊರಗೆ ಮೆಟ್ಟಿಲ ಮೇಲೆ ನಿಲ್ಲಿಸಿದೆ. ಐದು ನಿಮಿಷವಾಯಿತು, ಹತ್ತಾಯಿತು. ಗಡಿಯಾರ ಬಿಟ್ಟರೆ ಸದ್ದಿಲ್ಲ. ಐವರು ಆರೋಗ್ಯವಂತರು, ಹಾಡಹಗಲಿನಲ್ಲಿ, ನನ್ನ ಕಣ್ಣೆದುರಿಗೆ, ಏನೂ ಮಾಡದೆ ಕೂತಿದ್ದಾರೆ! ನನ್ನ ಮೈ ಉರಿಯತೊಡಗಿತು. ಎಲ್ಲರಿಗಿಂತ ಹಿರಿಯರಾದ, ನಾವು ಉದ್ದಣ್ಣ ಎಂದು ಕರೆಯುವವರು, ಫ್ಯಾನಿನ ರೆಕ್ಕೆ ಎಣಿಸುತ್ತಿದ್ದರು. ಎಣಿಸಲು ಇದ್ದದ್ದು ಮೂರೇ. ಹದಿನಾಲ್ಕನೆಯ ನಿಮಿಷದಲ್ಲಿ ನನಗೆ ತಡೆಯಲಾಗಲಿಲ್ಲ.

"ಸೂರು ನೋಡೋದಕ್ಕೆ ಬರ್ತೀರೇನ್ರೀ ಇಲ್ಲಿ? ಏನಾದ್ರೂ ಕೆಲಸ ಮಾಡಿ!" ಎಂದು ಅವರ ಮೇಜು ಕುಟ್ಟಿದೆ. ಅಂಗೈ ಬಿದ್ದದ್ದು ಕೀಲಿಮಣೆಯ ಮೇಲೆ.

"ಬಳಕೆದಾರರು ಕೆಲಸದಲ್ಲಿದ್ದಾರೆ. ಮೊದಲಿನಿಂದ ಎಣಿಸಲಾಗುವುದು."

ಸೊಸೆ ಗಡಿಯಾರ ನೋಡಿದಳು. ನಾಲ್ಕೂ ಮೂವತ್ತೈದು. ಆಮೇಲೆ ನನ್ನನ್ನು ನೋಡಿದಳು.

"ಅತ್ತೆ, ನೀವೂ ಹೊರಗೆ."

"ಇದು ನನ್ನ ಕಚೇರಿ."

"ಹೌದು. ಹೊರಗೆ."

ಒಳಗಿನಿಂದ ಚಿಲಕ ಬಿತ್ತು. ಗಂಡ ಮೆಟ್ಟಿಲ ಮೇಲೆ ಸರಿದು ಜಾಗ ಕೊಟ್ಟರು. ಅವರ ತೋರುಬೆರಳು ಮೆಟ್ಟಿಲ ಪಕ್ಕದ ಸರಳನ್ನು ತನ್ನಷ್ಟಕ್ಕೆ ಒತ್ತುತ್ತಿತ್ತು. ಒಳಗೆ ಯಾರೋ ನಕ್ಕರು. ನಾನು ಬಾಗಿಲ ಕಡೆ ಹೆಜ್ಜೆ ಇಟ್ಟೆ. ಅವರು ಸೆರಗು ಹಿಡಿದು, "ಒಂದೇ ಒಂದು ಸಲ ಸುಮ್ಮನಿರೇ, ಕೈ ಮುಗೀತೀನಿ," ಎಂದರು. ಸುಮ್ಮನಿದ್ದೆ. ಆ ಹದಿನೈದು ನಿಮಿಷದಷ್ಟು ದೀರ್ಘವಾದದ್ದನ್ನು ತತ್ತ್ವಶಾಸ್ತ್ರದ ಪುಸ್ತಕಗಳಲ್ಲೂ ಕಂಡಿಲ್ಲ.

ಐದಕ್ಕೆ ಎಂಟು ನಿಮಿಷವಿರುವಾಗ ಬಾಗಿಲು ತೆರೆಯಿತು.

"ತೊಲಗಿತಾ?"

"ತೊಲಗ್ತು ಅತ್ತೆ. ಐದರಿಂದಲೂ."

"ನೀನು?"

"ಇರ್ತೀನಿ. ಅವರಿಗೆ ಫೋನ್ ಮಾಡಿ ಬರಲ್ಲ ಅಂದೆ."

ನಾನು ಸ್ವಲ್ಪ ಹೊತ್ತು ಗೋಡೆಯ ಬಣ್ಣವನ್ನು ಪರೀಕ್ಷಿಸಿದೆ. ಅವಳ ಕೈಯಲ್ಲಿ ಪೆನ್ಸಿಲಿನಲ್ಲಿ ಬರೆದ ಹಾಳೆಗಳ ಕಟ್ಟೊಂದಿತ್ತು.

"ಇದೇನು?"

"ಸೋಮವಾರದಿಂದ ಸಿಕ್ಕಿಹಾಕ್ಕೊಂಡಿತ್ತಲ್ಲ, ಆ ಏಳನೇ ಅಧ್ಯಾಯದ ಸೂಚಿ. ಕಂಪ್ಯೂಟರ್ ಮುಟ್ಟೋ ಹಾಗಿರಲಿಲ್ಲ, ಎಲ್ಲರೂ ಸೇರಿ ಕಾಗದದಲ್ಲಿ ಮಾಡಿದ್ವಿ. ಕಾಲು ಗಂಟೇಲಿ ಮುಗೀತು."

ಸೋತವರ ಮುಂದೆ ಉದಾರವಾಗಿರುವುದು ಸುಲಭ, ಗೆದ್ದವರ ಮುಂದೆ ಉದಾರವಾಗಿರುವುದೇ ದೊಡ್ಡತನ ಎಂದುಕೊಂಡು ಹೇಳಿದೆ: "ನೋಡಿದೆಯಾ, ತಲೆ ತಿನ್ನೋ ಯಂತ್ರ ಒಂದು ಇಲ್ಲದಿದ್ರೆ ಎಷ್ಟು ಚೆನ್ನಾಗಿ ಕೆಲಸ ಆಗುತ್ತೆ!"

ಅವಳ ಹಿಂದಿನಿಂದ ಉದ್ದಣ್ಣ ವಿನಯವಾಗಿ ತಿದ್ದಿದರು: "ಯಂತ್ರ ಇತ್ತು ಮೇಡಂ. ಅದು ಹೋಗಿದ್ದು ಸೂಚಿ ಮುಗಿದ ಮೇಲೆ."

ಆ ವಾಕ್ಯದಲ್ಲಿ ತರ್ಕದೋಷ ಹುಡುಕುತ್ತಾ ನಾನು ಮೆಟ್ಟಿಲ ಮೇಲೆಯೇ ನಿಂತಿದ್ದೆ. ಸೊಸೆ ಒಳಗೆ ಹೋಗಿ, ಯಾವ ಕಾರಣವೂ ಇಲ್ಲದೆ, ಮತ್ತೆ ಚಿಲಕ ಹಾಕಿಕೊಂಡಳು.