ಹಣಮಂತ ದ್ವೀಪ ಕೊಂಡದ್ದು

ಹಣಮಂತನ ಗ್ರಹಚಾರ ಆ ಭಾನುವಾರ ತೆಂಗಿನ ಮರದ ರೂಪದಲ್ಲಿ ಬಂತು. ಮರ ಇದ್ದದ್ದು ಬಾಲಿ ದ್ವೀಪದಲ್ಲಿ, ಬಂದದ್ದು ಫೋನಿನಲ್ಲಿ. ಅದರ ಹಿಂದೆ ನೀಲಿ ಸಮುದ್ರ, ಮುಂದೆ ಹುಲ್ಲಿನ ಚಾವಣಿಯ ಚೆಂದದ ಮನೆ, ಕೆಳಗೆ 'ಇಲ್ಲಿ ಜಾಗ ಕೊಳ್ಳಿ, ಕೂತಲ್ಲೇ ಬಾಡಿಗೆ ಪಡೆಯಿರಿ' ಎಂಬ ಉಪದೇಶ. ಸಾಂಗ್ಲಿಯ ಅರಿಶಿನ ಪೇಟೆಯಲ್ಲಿ ಗುಮಾಸ್ತನಾಗಿದ್ದ ಹಣಮಂತ ಚಹಾ ಆರಿ ಕೆನೆಗಟ್ಟುವವರೆಗೂ ಅದನ್ನೇ ನೋಡುತ್ತ ಕುಳಿತ.

ಜಮೀನು ಅವನಿಗೂ ಇತ್ತು. ಸಾಂಗ್ಲಿಯ ಪಕ್ಕದ ತನ್ನೂರು ಹರಿಪುರದಲ್ಲಿ, ಕೃಷ್ಣೆಯ ದಂಡೆಗೆ, ಅರ್ಧ ಎಕರೆ. ಪ್ರತಿ ಮಳೆಗಾಲ ಹೊಳೆ ಅದರೊಳಗೆ ಬೀಗರ ಹಾಗೆ ಹೇಳದೆ ಕೇಳದೆ ಬಂದು, ಮನಸ್ಸು ಬಂದಷ್ಟು ದಿನ ಇದ್ದು, ಹೋಗುವಾಗ ಮೊಣಕಾಲುದ್ದ ಕೆಸರು ಬಿಟ್ಟು ಹೋಗುತ್ತಿತ್ತು. ಹೊಳೆ ಏರಿದಾಗಲೆಲ್ಲ ನೀರಿನ ಮೋಟರನ್ನು ಹೆಗಲ ಮೇಲೆ ಹೊತ್ತು ದಂಡೆ ಹತ್ತಬೇಕಾದವನು ಹಣಮಂತ. ಈ ಮೋಟರ್ ಹೊರುವುದೊಂದು ತಪ್ಪಿದರೆ ಬಾಳು ಬಂಗಾರವಾದೀತು ಎಂದು ಅವನ ನಂಬಿಕೆ. ಹೆಂಡತಿ ಮಂದಾಳಿಗೋ ಆ ಹೊಲವೇ ಜೀವ. ಅದರ ಕೆಸರಿನಲ್ಲಿ ಅವಳು ಬೆಳೆಯುವ ಬದನೆಕಾಯಿಗಾಗಿ ಸಾಂಗ್ಲಿಯ ಸಂತೆಯಲ್ಲಿ ಮರ್ಯಾದಸ್ಥ ಹೆಂಗಸರೂ ಜಗಳಕ್ಕೆ ನಿಲ್ಲುತ್ತಿದ್ದರು.

"ಈ ಹೊಲಾ ಕೊಟ್ಟು ದ್ವೀಪದಾಗ ಜಾಗಾ ತಗೊಳ್ಳೋಣು," ಎಂದ ಹಣಮಂತ. "ನಾಕೂ ಕಡೆ ನೀರು. ಅದನ್ನ ನೋಡಾಕ ಮಂದಿ ರೊಕ್ಕಾ ಕೊಟ್ಟು ಬರ್ತಾರ."

"ಜುಲೈದಾಗ ನಮ್ಮ ಹೊಲದ ಸುತ್ತಲೂ ನಾಕೂ ಕಡೆ ನೀರ ಇರ್ತಾವಲ್ರಿ," ಎಂದಳು ಮಂದಾ. "ಪುಕ್ಕಟ ಕರದ್ರೂ ಯಾರೂ ಬರಂಗಿಲ್ಲ. ಒಂದ ಮಾತು ಕೇಳ್ರಿ. ನನ್ನ ಬದನಿಕಾಯಿ ಹೋದ್ವಂದ್ರ ಈ ಮನ್ಯಾಗ ನಾ ಒಲಿ ಹಚ್ಚಂಗಿಲ್ಲ."

ಪಕ್ಕದ ಮನೆಯ ಪರಸಪ್ಪನಿಗೆ ಗೋಡೆ ಎಂದರೆ ಕಿವಿ ಇಡುವ ಜಾಗ. ಹಣಮಂತನ ಮನೆಯ ಮಾತು ಮುಗಿಯುವ ಮೊದಲೇ ಅವನ ಉತ್ತರ ತಯಾರಾಗಿರುತ್ತಿತ್ತು.

"ಅಲ್ಲಿ ಪರದೇಶದವ್ರ ಹೆಸರ್ಲೆ ಜಮೀನಾ ಆಗಂಗಿಲ್ಲೋ ಹಣಮಂತಾ," ಎಂದು ಗೋಡೆಯ ಮೇಲಿಂದ ಮುಖ ತೋರಿಸಿದ. "ಅಲ್ಲಿಯವ್ರೊಬ್ರು ನಂಬಿಗಸ್ಥರು ಬೇಕು."

ಪರದೇಶದವನಾಗುವುದು ಹಣಮಂತನಿಗೆ ಹೊಸದಲ್ಲ. ಸಾಂಗ್ಲಿಯಲ್ಲಿ ಅವನನ್ನು ಕಾನಡಿ ಎನ್ನುತ್ತಿದ್ದರು, ಗಡಿ ದಾಟಿ ಅಥಣಿಗೆ ಹೋದರೆ ಮರಾಠಿಯವ ಎನ್ನುತ್ತಿದ್ದರು. ಇನ್ನು ಸಮುದ್ರದಾಚೆಯವರೂ ಒಂದು ಮಾತು ಅಂದುಕೊಳ್ಳಲಿ ಎಂದುಕೊಂಡ.

"ಅಲ್ಲಿಯವ್ರನ್ನ ನಾ ಎಲ್ಲಿಂದ ಹುಡಕ್ಲಿ?"

"ಮಿರಜದಿಂದ," ಎಂದ ಪರಸಪ್ಪ. "ನಮ್ಮ ದುಂಡವ್ವ ಮಾವಶಿ ಮನಿ ಮ್ಯಾಲಿನ ಖೋಲ್ಯಾಗ ಬಾಡಿಗಿಗೆ ಅದಾನ. ಬಾಲಿ ಹುಡುಗಾ, ವಾಯನ ಅಂತ. ಸಿತಾರ್ ಕಲ್ಯಾಕ ಬಂದಾನ. ನಡಿ, ಅಂಗಿ ಹಾಕ್ಕೋ."

ಮಂದಾ ಸಂತೆಗೆ ಹೊರಟಿದ್ದೇ ತಡ, ಇಬ್ಬರೂ ಸಾಂಗ್ಲಿಗೆ ಬಂದು, ಮಂದಿ ತುಂಬದೆ ಹೊರಡದ ವಡಾಪ ಜೀಪಿನಲ್ಲಿ ತೂರಿಕೊಂಡರು. ಸುದ್ದಿ ಗುಟ್ಟಾಗಿರಲಿ ಎಂದು ಹಣಮಂತ ಬೇಡಿಕೊಂಡಿದ್ದ. ಪರಸಪ್ಪ ಜೀಪಿನಲ್ಲಿದ್ದವರಿಗೆ ಮಾತ್ರ ಹೇಳಿದ. ಅರ್ಧ ದಾರಿಯಲ್ಲಿ ಡ್ರೈವರ್ ತನ್ನ ಮಗಳ ಲಗ್ನಕ್ಕೆ ಆ ದ್ವೀಪದ ಅಂಗಳ ಕೇಳಿದ. ಮಿರಜ ಬರುವಷ್ಟರಲ್ಲಿ ಅಪರಿಚಿತ ಅಜ್ಜಿಯೊಬ್ಬಳು ಅಡುಗೆಮನೆಯನ್ನು ಪೂರ್ವಕ್ಕೆ ಮಾಡಿಸಬೇಕೆಂದು ಹಟ ಹಿಡಿದು, ಹಣಮಂತನಿಂದ ಆಣೆ ಮಾಡಿಸಿಕೊಂಡು ಇಳಿದಳು.

ವಾಯನ ಎರಡು ವರ್ಷದಿಂದ ದುಂಡವ್ವನ ಕೈಯಲ್ಲಿ ಉಂಡು ಅವಳ ಕನ್ನಡವನ್ನೇ ಕಲಿತಿದ್ದ. ಮರ್ಯಾದೆ ತಪ್ಪಬಾರದೆಂದು ಎಲ್ಲ ಮಾತಿಗೂ 'ರಿ' ಹಚ್ಚುತ್ತಿದ್ದ, ಬೆಕ್ಕಿನ ಜತೆ ಮಾತಾಡುವಾಗಲೂ.

"ನಂದ ಜಾಗಾ ಐತ್ರಿ. ತೆಂಗಿನ ಗಿಡಾ ಐತ್ರಿ. ಸಮುದ್ರಾ ಐತ್ರಿ," ಎಂದು ನಿಟ್ಟುಸಿರು ಬಿಟ್ಟ. "ಶಾಂತಿ ಇಲ್ರಿ. ಎಲ್ಲಾ ಕಡೆ ಪ್ರವಾಸಿ ಮಂದ್ರಿ. ನನಗ ಕೃಷ್ಣಾ ದಂಡಿಗೆ ಸಣ್ಣ ಹೊಲಾ ಬೇಕ್ರಿ. ಕುಂತು ಸಿತಾರ್ ಬಾರಸ್ತೀನ್ರಿ."

ಹಣಮಂತ ಸಂತೋಷಕ್ಕೆ ಕೂತಲ್ಲಿಂದ ಎದ್ದೇ ನಿಂತ. ಹೊಲಕ್ಕೆ ಹೊಲ, ದ್ವೀಪಕ್ಕೆ ದ್ವೀಪ. ಕಾಸಿನ ಖರ್ಚಿಲ್ಲ. ಅಲ್ಲಿ ಇಲ್ಲಿ ಯಾರ ಹೆಸರು ಇಡಬೇಕೆಂಬ ತೊಡಕನ್ನು ಪರಸಪ್ಪ ಚಹಾ ಕುಡಿಯುವಷ್ಟರಲ್ಲಿ ಬಗೆಹರಿಸಿದ. ಎರಡೂ ಕಡೆ ನಂಬಿಗಸ್ಥರೇ ಸಿಕ್ಕರು. ಉಳಿದದ್ದು ಒಂದೇ ಪ್ರಶ್ನೆ: ಅವರವರ ಊರಿನಲ್ಲಿ ಜಮೀನು ನೋಡಿಕೊಳ್ಳುವವನಿಗೆ ಬಂದದ್ದರಲ್ಲಿ ಪಾಲೆಷ್ಟು?

ಇಲ್ಲಿ ಹಣಮಂತನ ಪೇಟೆಯ ರಕ್ತ ಕುದಿಯಿತು. ಅರಿಶಿನದ ದರವನ್ನು ಬಾಯಿಬಿಟ್ಟು ಹೇಳದೆ ರುಮಾಲಿನ ಕೆಳಗೆ ಬೆರಳು ಹಿಡಿದು ಹೇಳುವ ಹಳೆಯ ಪದ್ಧತಿಯಲ್ಲಿ ಅವನು ಪಳಗಿದವನು. ದುಂಡವ್ವನ ಟವೆಲ್ಲನ್ನೇ ಇಸಿದುಕೊಂಡು ವಾಯನನ ಕೈಮೇಲೆ ಹಾಸಿದ. ಹಿಡಿದ ಬೆರಳಷ್ಟು ಪಾಲು, ಹತ್ತರಲ್ಲಿ, ಎರಡೂ ಕಡೆಗೂ ಒಂದೇ ಲೆಕ್ಕ ಎಂದು ಪರಸಪ್ಪ ತಿಳಿಸಿಕೊಟ್ಟ. ಆ ಹುಲ್ಲಿನ ಮನೆಯ ಬಾಡಿಗೆಯನ್ನು ನೆನೆದು ಹಣಮಂತ ಬರೀ ಕಿರುಬೆರಳು ಹಿಡಿದ. ನೋಡಿಕೊಳ್ಳುವವನಿಗೆ ಒಂದು, ಒಡೆಯನಿಗೆ ಒಂಬತ್ತು. ವಾಯನ ಚೌಕಾಸಿ ಮಾಡಲಿಲ್ಲ. ನಗುತ್ತ ಅವನ ಕಿರುಬೆರಳನ್ನೇ ಹಿಡಿದ.

"ಭೋಳೆ ಹುಡುಗ," ಎಂದು ಹಣಮಂತನಿಗೆ ಕನಿಕರವೇ ಬಂತು.

ದುಂಡವ್ವ ದೇವರ ಮುಂದಿಟ್ಟ ಪೇಢೆ ತಂದು ಎಲ್ಲರ ಬಾಯಿಗೂ ಹಾಕಿದಳು. "ಪೇಢೆ ತಿಂದೀರಿ. ಇನ್ನ ಮಾತು ತಿರಗಸೂ ಹಂಗಿಲ್ಲ," ಎಂದಳು. ಅವಳ ಓಣಿಯಲ್ಲಿ ಪೇಢೆ ತಿಂದು ಮಾತು ತಪ್ಪಿದವರನ್ನು ಆಮೇಲೆ ಯಾರೂ ಲಗ್ನಕ್ಕೂ ಕರೆಯುತ್ತಿರಲಿಲ್ಲ.

ಸಂಜೆ ಮಳೆಯಲ್ಲಿ ತೊಯ್ಯುತ್ತ ಹಣಮಂತ ಹರಿಪುರಕ್ಕೆ ಬಂದ. ಓಣಿಗೆಲ್ಲ ಪೇಢೆ ಹಂಚಿ, ಕೊನೆಯದನ್ನು ಮಂದಾಳ ಮುಂದೆ ಹಿಡಿದು, ದೂರ ನಿಂತೇ ವಿಷಯ ಹೇಳಿದ. ಅವಳ ಕಣ್ಣಲ್ಲಿ ನೀರು ತುಂಬಿತು. ಒಲೆ ಆರಿಸಲು ಎದ್ದವಳು ಅರ್ಧಕ್ಕೆ ನಿಂತಳು.

"ಆ ಹುಡುಗಾ ಪರದೇಶದಂವಾ ಅಲ್ರಿ? ನಮ್ಮ ಹೊಲಾ ಅವನ ಹೆಸರ್ಲೆ ಹೆಂಗ ಆತು?"

"ಆಗಂಗಿಲ್ಲ. ಅದಕ್ಕ ನನ್ನ ಹೆಸರ್ಲೇನ ಇಟ್ಟೀವಿ. ಅಂವಗ ನನ್ನ ಮ್ಯಾಲ ಭಾಳ ನಂಬಿಕಿ."

"ಅಲ್ಲೀ ಜಾಗಾ?"

"ನಾ ಅಲ್ಲಿ ಪರದೇಶದಂವಾ. ಅದು ಅವನ ಹೆಸರ್ಲೆ."

ಮಂದಾ ಬೆರಳು ಮಡಚಿ ಎಣಿಸಿದಳು.

"ನಮ್ದು ನಮ್ಮ ಹೆಸರ್ಲೆ, ಅವಂದು ಅವನ ಹೆಸರ್ಲೆ. ನಿನ್ನೇನೂ ಹಂಗ ಇತ್ತಲ್ರಿ. ಪೇಢೆ ಯಾಕ ಹಂಚಿದ್ರಿ?"

ಅಷ್ಟರಲ್ಲಿ ಹಣಮಂತನ ಫೋನ್ ಬಡಿದುಕೊಂಡಿತು. ವಾಯನ.

"ಮಾಮಾ, ಕೋಯ್ನಾ ಡ್ಯಾಮಿನ ನೀರು ಹೊಳಿಗೆ ಬಿಟ್ಟಾರಂತ್ರಿ. ನನ್ನ ಹೊಲದ ಮೋಟರ್ ಲಗೂನ ಮ್ಯಾಲ ತಗೀರಿ. ನನ್ನ ಬದನಿಕಾಯಿ ಹರಕೊಂಡು ಇಡ್ರಿ. ಹತ್ತರಾಗ ಒಂದು ನಿಮ್ದ್ರಿ."

"ನನ್ನ ಬಾಡಗಿ?" ಎಂದು ಹಣಮಂತ ಕೂಗಿದ. "ಅಲ್ಲೀ ಮನಿ ಬಾಡಗಿ?"

"ಮನಿ ಇಲ್ರಿ ಮಾಮಾ. ತೆಂಗಿನಕಾಯಿ ಐತ್ರಿ. ಹತ್ತರಾಗ ಒಂಬತ್ತು ನಿಮ್ದ್ರಿ. ಯಾವಾಗರೆ ಬಂದು ಒಯ್ರಿ."

ಮಂದಾ ಎಲ್ಲವನ್ನೂ ಕೇಳಿಸಿಕೊಂಡಳು. ಹೊಲ ಉಳಿದ ಸಂತೋಷಕ್ಕೆ ನಗಬೇಕೋ ಬದನೆಕಾಯಿ ಹೋದ ಸಂಕಟಕ್ಕೆ ಅಳಬೇಕೋ ತಿಳಿಯದೆ, ಕೊಟ್ಟ ಮಾತಿನಂತೆ ಒಲೆ ಆರಿಸಿದಳು.

ಬೆಳಕು ಇನ್ನೂ ಸ್ವಲ್ಪ ಇತ್ತು. ಹಣಮಂತ ಧೋತರ ಎತ್ತಿ ಕಟ್ಟಿ, ತನ್ನದೇ ಹೆಸರಿನ ಪರರ ಹೊಲದಲ್ಲಿ ಮೊಣಕಾಲಿನವರೆಗೆ ಇಳಿದ. ಹೊಳೆ ಆಗಲೇ ಅಂಚಿಗೆ ಬಂದಿತ್ತು. ಮೋಟರ್ ಹೋದ ವರ್ಷಕ್ಕಿಂತ ಭಾರವಾಗಿತ್ತು. ಅದನ್ನು ಹೆಗಲಿಗೇರಿಸಿ, ಜಾರುತ್ತ ಏಳುತ್ತ ದಂಡೆ ಹತ್ತುವಾಗ ಮೇಲೆ ಕೊಡೆ ಹಿಡಿದ ಪರಸಪ್ಪ ಕಂಡ. ಇನ್ನೊಂದು ಕೈಯಲ್ಲಿ ಫೋನು.

"ಒಂದು ಕೈ ಹಚ್ಚೋ ಪರಸಪ್ಪಾ."

"ತಡಿ, ಹಂಗ ನಿಲ್ಲು, ಮಾರಿ ಈ ಕಡೆ ಮಾಡು," ಎಂದ ಪರಸಪ್ಪ. "ವಾಯನಗ ಫೋಟೋ ಕಳಸ್ಬೇಕು. ಹೊಲಕ್ಕ ಚಲೋ ಆಳು ಹಚ್ಚಿಕೊಟ್ರ ನನಗೂ ಬದನಿಕಾಯಿ ಕೊಡ್ತೇನಿ ಅಂದಾನ."